ಆಗದೆ ಹೋದ ಒಂದು ಮದುವೆ: ‘ಸತ್ಯ ಹರಿಶ್ಚಂದ್ರ’ದ ಮರುಓದು

ನಮ್ಮ ಸೀಮೆಯಲ್ಲಿ ಆದರ್ಶ ಗಂಡ-ಹೆಂಡಿರು ಅಂದರೆ ಹರಿಶ್ಚಂದ್ರ-ಚಂದ್ರಮತಿ. ಲಗ್ನಪತ್ರಿಕೆಗೆ ಸೀತಾರಾಮರ ಚಿತ್ರ ಹಾಕಿಸುವವರೂ ಮಾತಿಗೆ ಬಂದಾಗ ಎತ್ತುವುದು ಹರಿಶ್ಚಂದ್ರನ ಹೆಸರನ್ನೇ. ‘ಹೆಂಡ್ತಿ ಅಂದ್ರೆ ಅವಳು ಕಣಪ್ಪ’ ಎನ್ನುವಾಗ ಅವರ ಕಣ್ಣ ಮುಂದೆ ಇರುವವಳು ಕಾವ್ಯದ ಚಂದ್ರಮತಿಯಲ್ಲ, ಸತ್ತ ಮಗನನ್ನು ಹೊತ್ತು ಸುಡುಗಾಡಿಗೆ ಬಂದ ಪಂಡರಿಬಾಯಿ. ಎದುರಿಗೆ ಕೋಲು ಹಿಡಿದು ಸುಂಕ ಕೇಳುವ ರಾಜಕುಮಾರ್. ಇಷ್ಟು ನೆನೆದರೆ ಸಾಕು, ಟೆಂಟ್ ಸಿನಿಮಾ ಕಾಲದ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಈ ಕಣ್ಣೀರಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಯಾವುದಕ್ಕಾಗಿ ಸುರಿಯಿತು ಎಂದು ಕೇಳುವ ಕೆಲಸವನ್ನು ದಲಿತ ವಿಮರ್ಶೆ ಮಾಡಬೇಕಾಗಿದೆ. ಕನ್ನಡದ ತೆರೆ ಕಂಡ ಅತ್ಯಂತ ದುಃಖದ ಅರಮನೆಯ ದಾಂಪತ್ಯ ಇದು. ಗಂಡ ಹೆಂಡತಿಯನ್ನು ಸಂತೆಯಲ್ಲಿ ಮಾರುತ್ತಾನೆ, ಅವಳ ಮಗನ ಹೆಣಕ್ಕೆ ತೆರಿಗೆ ಕೇಳುತ್ತಾನೆ, ಕೊನೆಗೆ ಅವಳ ಕತ್ತಿಗೇ ಕತ್ತಿ ಎತ್ತುತ್ತಾನೆ. ಇದೆಲ್ಲ ಸತ್ಯಕ್ಕಾಗಿ ಎಂದು ನಮಗೆ ಹೇಳಿಕೊಡಲಾಗಿದೆ. ನನ್ನ ವಾದ ಇಷ್ಟು: ಈ ದಾಂಪತ್ಯ ಹಾಳಾದದ್ದರ ಮೂಲದಲ್ಲಿ ಇನ್ನೊಂದು ಮದುವೆ ಇದೆ. ಆಗದೆ ಹೋದ ಮದುವೆ. ಹೊಲತಿಯರ ಜೊತೆ ಆಗದೆ ಹೋದ ಮದುವೆ.

ಚಿತ್ರ ಬಂದದ್ದು 1965ರಲ್ಲಿ. ನಿರ್ದೇಶನ ಹುಣಸೂರು ಕೃಷ್ಣಮೂರ್ತಿಯವರದು, ನಿರ್ಮಾಣ ಕೆ.ವಿ. ರೆಡ್ಡಿಯವರದು. ಅದೇ ವರ್ಷ ತೆಲುಗಿನಲ್ಲೂ ಇದೇ ಕಥೆ ಎನ್.ಟಿ. ರಾಮರಾವ್ ಅವರ ಅಭಿನಯದಲ್ಲಿ ಬಂತು. ಕನ್ನಡದಲ್ಲಿ ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಎಂ.ಪಿ. ಶಂಕರ್. 2008ರಲ್ಲಿ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದರು, ಆಗಲೂ ಜನ ಹೋಗಿ ನೋಡಿದರು. ಹಾಗೆ ನೋಡಿದರೆ ಭಾರತದ ಕಥಾಚಿತ್ರ ಹುಟ್ಟಿದ್ದೇ ಈ ಮನೆಯಲ್ಲಿ. 1913ರ ಫಾಲ್ಕೆಯವರ ಚಿತ್ರ ‘ರಾಜಾ ಹರಿಶ್ಚಂದ್ರ’. ಅಲ್ಲಿ ರಾಣಿಯ ಪಾತ್ರ ಮಾಡಲು ಹೆಂಗಸರು ಸಿಗದೆ ಸಾಳುಂಕೆ ಎಂಬ ಗಂಡಸು ಸೀರೆ ಉಟ್ಟ. ಗಾಂಧೀಜಿ ಬಾಲಕನಾಗಿ ಹರಿಶ್ಚಂದ್ರ ನಾಟಕ ನೋಡಿ ಮರುಳಾದದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಇಡೀ ದೇಶ ಸತ್ಯದ ಪಾಠ ಕಲಿತದ್ದು ಈ ಒಬ್ಬ ರಾಜನ ಹತ್ತಿರ. ಹಾಗಿರುವಾಗ ಆ ಪಾಠದ ಮೊದಲ ಪುಟದಲ್ಲಿ ಏನಿತ್ತು ಎಂದು ನೋಡುವುದು ನಮ್ಮ ಕರ್ತವ್ಯ.

ಹರಿಶ್ಚಂದ್ರ ರಾಜ್ಯ ಕಳೆದುಕೊಂಡದ್ದು ಯಾಕೆ? ಡಿಗ್ರಿ ಹುಡುಗರನ್ನು ಕೇಳಿ ನೋಡಿ. ‘ಸುಳ್ಳು ಹೇಳಲಿಲ್ಲ ಅಂತ’ ಅನ್ನುತ್ತಾರೆ. ‘ಕನಸಿನಲ್ಲಿ ಕೊಟ್ಟ ಮಾತಿಗೆ’ ಅನ್ನುವವರೂ ಉಂಟು. ಹೊಲತಿಯರನ್ನು ಮದುವೆಯಾಗಲು ಒಪ್ಪದೆ ರಾಜ್ಯ ಬಿಟ್ಟ ಎಂದು ಇಲ್ಲಿಯವರೆಗೆ ನನಗೆ ಒಬ್ಬರೂ ಉತ್ತರ ಕೊಟ್ಟಿಲ್ಲ. ಆದರೆ ರಾಘವಾಂಕನಲ್ಲಿ ಇದು ಗುಟ್ಟಿನ ಸಂಗತಿಯಲ್ಲ, ನಟ್ಟ ನಡುವೆ ನಿಂತಿದೆ. ವಿಶ್ವಾಮಿತ್ರ ಇಬ್ಬರು ಹೆಣ್ಣುಗಳನ್ನು ಸೃಷ್ಟಿಸಿ ಬೇಟೆಗೆ ಬಂದ ರಾಜನ ಮುಂದೆ ಬಿಡುತ್ತಾನೆ. ಅವರು ಹಾಡುತ್ತಾರೆ. ರಾಜ ತಲೆದೂಗುತ್ತಾನೆ, ಒಡವೆ ಕೊಡಲು ಹೋಗುತ್ತಾನೆ. ಒಡವೆ ಬೇಡ, ನಿನ್ನ ಮುತ್ತಿನ ಸತ್ತಿಗೆ ಕೊಡು ಅನ್ನುತ್ತಾರೆ. ಸತ್ತಿಗೆ ವಂಶದ್ದು, ಪಟ್ಟಕ್ಕೆ ಸೇರಿದ್ದು, ಅದನ್ನು ಕೊಡಲಾಗದು ಎಂದು ರಾಜ ಹೇಳುತ್ತಾನೆ. ಹಾಗಾದರೆ ನೀನೇ ಗಂಡನಾಗು ಅನ್ನುತ್ತಾರೆ.

ಇಲ್ಲಿಂದ ಮುಂದೆ ರಾಜನ ಸೌಜನ್ಯ ಮುರಿದುಬೀಳುತ್ತದೆ. ಹಾಡಿಗೆ ತಲೆದೂಗಿದವನಿಗೆ ತಟ್ಟನೆ ಕುಲ ನೆನಪಾಗುತ್ತದೆ. ಆಗ ಆ ಹೆಣ್ಣುಗಳು ಎತ್ತುವ ವಾದ ಕನ್ನಡ ಕಾವ್ಯದಲ್ಲಿ ಅಸ್ಪೃಶ್ಯತೆಯ ವಿರುದ್ಧ ಹುಟ್ಟಿದ ಅತ್ಯಂತ ಚುರುಕಾದ ವಾದಗಳಲ್ಲಿ ಒಂದು. ಅವರ ಮಾತಿನ ಸಾರ ಇದು: ನಮ್ಮ ಹಾಡು ನಿನ್ನ ಕಿವಿಯೊಳಗೆ ಹೋಯಿತು, ಕಿವಿ ಮೈಲಿಗೆಯಾಗಲಿಲ್ಲ. ನಮ್ಮ ರೂಪ ನಿನ್ನ ಕಣ್ಣೊಳಗೆ ಹೋಯಿತು, ಕಣ್ಣು ಕೆಡಲಿಲ್ಲ. ನಮ್ಮೊಡನೆ ಮಾತಾಡಿದೆ, ನಾಲಗೆಗೆ ಏನೂ ಆಗಲಿಲ್ಲ. ನಮ್ಮ ಮೈಯ ಗಂಧ ಗಾಳಿಯಲ್ಲಿ ಬಂದು ಮೂಗಿಗೆ ತಾಕಿತು. ಐದು ಇಂದ್ರಿಯಗಳಲ್ಲಿ ನಾಲ್ಕಕ್ಕೆ ಒಪ್ಪಿತವಾದದ್ದು ಮುಟ್ಟುವ ಚರ್ಮ ಒಂದಕ್ಕೆ ಮಾತ್ರ ಹೇಗೆ ಹೊಲೆಯಾಯಿತು?

ಈ ಪ್ರಶ್ನೆಗೆ ರಾಜನ ಹತ್ತಿರ ಉತ್ತರ ಇಲ್ಲ. ಉತ್ತರ ಇಲ್ಲದ ಪ್ರಭುತ್ವ ಏನು ಮಾಡುತ್ತದೋ ಅದನ್ನೇ ಅವನೂ ಮಾಡುತ್ತಾನೆ: ಹೊಡೆದು ಅಟ್ಟಿಸುತ್ತಾನೆ. ನನ್ನ ಮಕ್ಕಳನ್ನು ಹೊಡೆಸಿದೆಯಾ ಎಂದು ವಿಶ್ವಾಮಿತ್ರ ಬರುತ್ತಾನೆ. ಕಾಲಿಗೆ ಬೀಳುತ್ತಾನೆ ರಾಜ. ಹಾಗಾದರೆ ಮದುವೆಯಾಗು. ಆಗಲಾರೆ, ಬೇಕಾದರೆ ರಾಜ್ಯವನ್ನೇ ಕೊಡುತ್ತೇನೆ. ಇದು ಕಥೆಯ ತಿರುವು. ಲೆಕ್ಕ ಹಾಕಿ ನೋಡಿ. ಒಂದು ಕಡೆ ಇಬ್ಬರು ಹೊಲತಿಯರ ಕೈ, ಇನ್ನೊಂದು ಕಡೆ ಸಿಂಹಾಸನ, ಹೆಂಡತಿ, ಮಗ. ತಕ್ಕಡಿ ಯಾವ ಕಡೆಗೆ ವಾಲಿತು ಎಂಬುದು ನಮಗೆ ಗೊತ್ತಿದೆ. ಇದನ್ನು ಸತ್ಯನಿಷ್ಠೆ ಎಂದು ಕರೆಯುವ ಮುನ್ನ ಜಾತಿನಿಷ್ಠೆ ಎಂದು ಕರೆದು ನೋಡಬೇಕು. ಹಾಗೆ ಕರೆದರೆ ಮುಂದಿನ ಕಥೆಯೆಲ್ಲ ಬೇರೆ ಬೆಳಕಿನಲ್ಲಿ ಕಾಣುತ್ತದೆ.

ನಾನು ಎಂ.ಎ. ಓದುವಾಗ ಈ ಭಾಗದ ಪಾಠ ನಡೆಯಿತು. ಷಟ್ಪದಿಯ ನಡೆ, ಸಂವಾದದ ನಾಟಕೀಯತೆ, ದೇಸಿಯ ಸೊಗಸು, ಇವುಗಳ ಮೇಲೆ ಎರಡು ಪೀರಿಯಡ್. ಇಂದ್ರಿಯಗಳ ವಾದಕ್ಕೆ ಬಂದಾಗ ಮೇಷ್ಟ್ರು ‘ಕವಿಯ ವಾಕ್ಚಾತುರ್ಯ ನೋಡಿ’ ಎಂದು ನಕ್ಕು ಮುಂದೆ ಹೋದರು. ಮಾತಿನ ಚಾತುರ್ಯವೆಲ್ಲ ಕವಿಗೆ ಸಂದಿತು, ಮಾತಾಡಿದವರು ಹೊಡೆತ ತಿಂದು ಹೋದರು. ನಮ್ಮ ಕಾವ್ಯಮೀಮಾಂಸೆಯ ಮುಖ್ಯಧಾರೆ ನೂರು ವರ್ಷ ಮಾಡಿಕೊಂಡು ಬಂದ ಕೆಲಸ ಇದೇ.

ಈ ಇಬ್ಬರು ಹೆಣ್ಣುಗಳು ಎಲ್ಲಿಂದ ಬಂದರು ಎಂಬುದೂ ಯೋಚಿಸಬೇಕಾದ ಮಾತು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರನಿಗೆ ನೂರು ಜನ ಹೆಂಡಿರು. ಮಕ್ಕಳಿಲ್ಲ. ವರುಣನಿಗೆ ಹರಕೆ ಹೊತ್ತು ರೋಹಿತನನ್ನು ಪಡೆಯುತ್ತಾನೆ. ಆ ಮಗನ ಬದಲಿಗೆ ಬಲಿ ಕೊಡಲು ಬಡ ಬ್ರಾಹ್ಮಣನ ಮಗ ಶುನಶ್ಶೇಪನನ್ನು ನೂರು ಹಸುಗಳಿಗೆ ಕೊಂಡು ತರುತ್ತಾರೆ. ಅಂದರೆ ಮೊದಲ ಹರಿಶ್ಚಂದ್ರ ಮನುಷ್ಯರನ್ನು ಕೊಳ್ಳುವ ಮನೆಯವನು. ಮಾರ್ಕಂಡೇಯ ಪುರಾಣಕ್ಕೆ ಬಂದರೆ ಕಥೆ ತಿರುಗಿ ಅವನೇ ಮಾರಾಟವಾಗುತ್ತಾನೆ. ಅಲ್ಲಿ ಹಾಡುವ ಈ ಹೆಣ್ಣುಗಳಿಲ್ಲ. ವಿಶ್ವಾಮಿತ್ರನ ತಪಸ್ಸಿಗೆ ಸಿಕ್ಕಿ ನರಳುವ ವಿದ್ಯೆಗಳ ಕೂಗು ಕೇಳಿ ರಾಜ ಅಡ್ಡ ಹೋಗುತ್ತಾನೆ, ಮುನಿ ಸಿಟ್ಟಾಗುತ್ತಾನೆ. ಅಲ್ಲಿ ಅಷ್ಟೇ ಕಾರಣ. ಕುಲದ ಪ್ರಶ್ನೆಯನ್ನು ಕಥೆಯ ಹೊಕ್ಕುಳಿಗೆ ತಂದು ಇಟ್ಟದ್ದು ನಮ್ಮ ರಾಘವಾಂಕನ ಕಾವ್ಯ.

ಹದಿಮೂರನೆಯ ಶತಮಾನದ ಆದಿಯ ಈ ಕವಿಗೆ ಇದು ಯಾಕೆ ಬೇಕಾಯಿತು? ಇವನು ಹಂಪೆಯ ಹರಿಹರನ ಸೋದರಳಿಯ. ಬಸವಣ್ಣನ ಬದುಕನ್ನು ರಗಳೆಯಾಗಿ ಬರೆದವನ ಮನೆಯ ಹುಡುಗ. ಇವನಿಗಿಂತ ಒಂದೆರಡು ತಲೆಮಾರು ಹಿಂದೆ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಇಬ್ಬರು ತಂದೆಯರನ್ನೂ ಬಿಜ್ಜಳ ಕೊಲ್ಲಿಸಿದ, ಕಲ್ಯಾಣ ಹೊತ್ತಿ ಉರಿಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಆ ಬೂದಿ ಇನ್ನೂ ಬಿಸಿಯಿದ್ದ ಕಾಲದಲ್ಲಿ ರಾಘವಾಂಕ ಬರೆದ. ಹೊಲತಿಯರ ಬಾಯಲ್ಲಿ ಇರುವುದು ಕಲ್ಯಾಣದ ಭಾಷೆ, ರಾಜನ ಕೈಯಲ್ಲಿ ಇರುವುದು ಬಿಜ್ಜಳನ ಚಾಟಿ. ಕವಿ ಎರಡನ್ನೂ ಬಿಡಲಾರ. ವಾದವನ್ನು ಹೆಣ್ಣುಗಳಿಗೆ ಗೆಲ್ಲಿಸಿಕೊಟ್ಟು ಕಥೆಯನ್ನು ರಾಜನಿಗೆ ಗೆಲ್ಲಿಸಿಕೊಟ್ಟ. ನನಗೆ ರಾಘವಾಂಕ ದೊಡ್ಡ ಕವಿ ಅನ್ನಿಸುವುದೂ, ನಮ್ಮವನಲ್ಲ ಅನ್ನಿಸುವುದೂ ಈ ಒಂದೇ ಜಾಗದಲ್ಲಿ.

ಈಗ ಸಿನಿಮಾಕ್ಕೆ ಬರೋಣ. ಸಿನಿಮಾದಲ್ಲೂ ಹಾಡಿ ಕುಣಿಯುವ ಹೆಣ್ಣುಗಳು ಬರುತ್ತಾರೆ, ಮದುವೆ ಕೇಳುತ್ತಾರೆ, ತಿರಸ್ಕಾರಕ್ಕೆ ಒಳಗಾಗುತ್ತಾರೆ. ಆದರೆ ಸಿನಿಮಾ ನೋಡಿ ಎದ್ದು ಬಂದವರ ಬಾಯಲ್ಲಿ ಉಳಿಯುವ ಪದ ‘ಏಕಪತ್ನೀವ್ರತ’. ಕುಲ ಹಿಂದೆ ಸರಿಯಿತು, ಹೆಂಡತಿಯ ಮೇಲಿನ ನಿಷ್ಠೆ ಮುಂದೆ ಬಂತು. ನೂರು ಹೆಂಡಿರ ರಾಜನ ಮನೆತನಕ್ಕೆ ಈ ವ್ರತ ಯಾವಾಗ ಬಂತು ಎಂದು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಕಾರಣವೂ ಇದೆ. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂತು, ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದು ಅಪರಾಧವಾಯಿತು. ಅದಾಗಿ ಹತ್ತು ವರ್ಷಕ್ಕೆ ಬಂದ ಚಿತ್ರದಲ್ಲಿ ‘ನನಗೆ ಒಬ್ಬಳೇ ಹೆಂಡತಿ’ ಎನ್ನುವ ರಾ‌ಜ ಹಳೆಯ ಕಾಲದ ಜಾತಿವಾದಿಯಾಗಿ ಕಾಣುವುದಿಲ್ಲ, ಹೊಸ ಕಾಲದ ಸಭ್ಯ ಗಂಡನಾಗಿ ಕಾಣುತ್ತಾನೆ. ಅದೇ 1955ರಲ್ಲಿ ಇನ್ನೊಂದು ಕಾನೂನೂ ಬಂತು, ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. ಮೊದಲ ಕಾನೂನು ರಾಜನ ಬೆನ್ನಿಗೆ ನಿಂತಿತು. ಎರಡನೆಯದು ತೆರೆಯ ಹತ್ತಿರಕ್ಕೂ ಸುಳಿಯಲಿಲ್ಲ.

ಇದರ ವ್ಯಂಗ್ಯ ಇನ್ನೂ ಆಳದ್ದು. ಹಿಂದೂ ಸಂಹಿತೆಗಾಗಿ ಹೋರಾಡಿ, ಅದು ಸಾಗದೆ ಇದ್ದಾಗ 1951ರಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟವರು ಬಾಬಾಸಾಹೇಬರು. ಹೆಣ್ಣಿನ ಘನತೆಗಾಗಿ ಅವರು ಕಟ್ಟಲು ಹೊರಟ ಗೋಡೆಯ ಹಿಂದೆ ಹರಿಶ್ಚಂದ್ರ ಬಂದು ಅಡಗಿಕೊಂಡ. ಅದೇ ಬಾಬಾಸಾಹೇಬರು 1916ರಲ್ಲಿ, ಇನ್ನೂ ಕೊಲಂಬಿಯಾದ ವಿದ್ಯಾರ್ಥಿಯಾಗಿದ್ದಾಗಲೇ, ಜಾತಿಯ ಜೀವಾಳ ಇರುವುದು ತನ್ನೊಳಗೇ ಮದುವೆ ಮಾಡಿಕೊಳ್ಳುವುದರಲ್ಲಿ ಎಂದು ತೋರಿಸಿದ್ದರು. 1936ರ ‘ಜಾತಿ ವಿನಾಶ’ದಲ್ಲಿ ಸಹಭೋಜನ ಸಾಲದು, ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದರು. ಕೊನೆಯ ವರ್ಷಗಳಲ್ಲಿ ಗಾಂಧೀಜಿ ಕೂಡ ಒಬ್ಬರು ಹರಿಜನರಾಗಿರುವ ಮದುವೆಗೆ ಮಾತ್ರ ಆಶೀರ್ವಾದ ಎಂಬ ನಿಲುವಿಗೆ ಬಂದರು. ಹರಿಶ್ಚಂದ್ರನನ್ನು ಬಾಲ್ಯದಲ್ಲಿ ಆರಾಧಿಸಿದವರು ಮುಪ್ಪಿನಲ್ಲಿ ಹರಿಶ್ಚಂದ್ರ ಮಾಡದ ಕೆಲಸವನ್ನೇ ಬೇಡಿದರು.

ಇನ್ನು ಚಂದ್ರಮತಿ. ಇವಳನ್ನು ದಲಿತ ವಿಮರ್ಶೆ ‘ಮೇಲ್ಜಾತಿ ಹೆಂಗಸು’ ಎಂದು ಕೈ ತೊಳೆದುಕೊಂಡರೆ ತಪ್ಪಾಗುತ್ತದೆ. ರಾಜ್ಯ ಬಿಡುವ ನಿರ್ಧಾರದಲ್ಲಿ ಅವಳ ಮಾತಿಲ್ಲ. ಮುನಿಯ ಸಾಲ ಅವಳು ಮಾಡಿದ್ದಲ್ಲ. ಕಾಶಿಯ ಬೀದಿಯಲ್ಲಿ ಮೊದಲು ಮಾರಾಟವಾಗುವವಳು ಅವಳು, ಜೊತೆಗೆ ಮಗ. ಮಾರ್ಕಂಡೇಯ ಪುರಾಣದಲ್ಲಂತೂ ಅವಳೇ ‘ನನ್ನನ್ನು ಮಾರು’ ಅನ್ನುತ್ತಾಳೆ. ತನ್ನ ಮಾರಾಟಕ್ಕೆ ತಾನೇ ಒಪ್ಪಿಗೆ ಕೊಡುವ ಹೆಂಡತಿ! ಇದಕ್ಕಿಂತ ದೊಡ್ಡ ಪತಿವ್ರತೆಯನ್ನು ಯಾವ ಸ್ಮೃತಿಕಾರನೂ ಕಲ್ಪಿಸಿರಲಾರ. ಕೊಂಡ ಬ್ರಾಹ್ಮಣನ ಮನೆಯಲ್ಲಿ ಅವಳು ತೊತ್ತು. ಹೊತ್ತಿಗೆ ಮುಂಚೆ ಎದ್ದು, ನೀರು ಹೊತ್ತು, ಬೈಗುಳ ತಿಂದು, ಮಿಕ್ಕದ್ದು ಉಂಡು ಮಲಗುವ ಬದುಕು. ಇದು ಸಿನಿಮಾದಲ್ಲಿ ಬಂದಾಗ ನಮ್ಮ ಕೇರಿಯ ಹೆಂಗಸರು ಅಳುತ್ತಿದ್ದರಂತೆ. ಅಳು ರಾಣಿಗಾಗಿ, ಆದರೆ ಬದುಕು ತಮ್ಮದೇ. ಜೀತದ ಮನೆಯ ಹಟ್ಟಿ ಗುಡಿಸಿ ಬಂದವರಿಗೆ ತೆರೆಯ ಮೇಲೆ ತಮ್ಮ ದಿನಚರಿಯೇ ರಾಣಿಯ ದುರಂತವಾಗಿ ಕಂಡಿರಬೇಕು. ರಾಣಿಗೆ ಬಂದರೆ ಪುರಾಣ, ನಮಗೆ ಬಂದರೆ ಹಣೆಬರಹ.

ನಾಟಕದವರು ಹೇಳುವ ಕಥೆಯಲ್ಲಿ ಒಂದು ಮಾತು ಬರುತ್ತದೆ: ಚಂದ್ರಮತಿಯ ತಾಳಿ ಅವಳ ಗಂಡನ ಕಣ್ಣಿಗೆ ಮಾತ್ರ ಕಾಣುತ್ತದೆ. ಸುಡುಗಾಡಿನ ಕಾವಲುಗಾರ ‘ಕತ್ತಿನಲ್ಲಿ ತಾಳಿ ಇದೆಯಲ್ಲ, ಅದನ್ನು ಮಾರಿ ಸುಂಕ ಕಟ್ಟು’ ಎಂದಾಗ ಅವಳಿಗೆ ಅವನ ಗುರುತು ಸಿಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಇಲ್ಲಿ ರಾಗ ಎಳೆಯುತ್ತಾರೆ, ಜನ ಒನ್ಸ್‌ಮೋರ್ ಕೂಗುತ್ತಾರೆ. ಆದರೆ ಗಮನಿಸಿ. ಹೆಂಡತಿಯ ಮುಖ ನೋಡಿ, ದನಿ ಕೇಳಿ ಗುರುತು ಹಿಡಿಯದ ಗಂಡನಿಗೆ ಕಂಡದ್ದು ಚಿನ್ನ. ಈ ದಾಂಪತ್ಯದಲ್ಲಿ ತಾಳಿ ಒಂದೇ ಜೀವಂತವಾಗಿ ಉಳಿದ ಅಂಗ.

ನಮ್ಮ ಸಾಹಿತ್ಯದಲ್ಲಿ ಇನ್ನೊಂದು ಅರಮನೆಯ ದಾಂಪತ್ಯ ಇದೆ. ಜನ್ನನ 1209ರ ‘ಯಶೋಧರ ಚರಿತೆ’. ಅಲ್ಲಿ ರಾಣಿ ಅಮೃತಮತಿ ನಡುರಾತ್ರಿ ಆನೆಲಾಯದಿಂದ ಬಂದ ಹಾಡಿಗೆ ಮನಸೋತು ಮಾವುತನ ಹತ್ತಿರ ಹೋಗುತ್ತಾಳೆ. ಮತ್ತೆ ಹಾಡು, ಮತ್ತೆ ಕೆಳಗಿನವರ ಕಂಠ! ಎರಡು ಕಾವ್ಯಗಳನ್ನೂ ಒಟ್ಟಿಗೆ ಇಟ್ಟರೆ ಅರಮನೆಯ ಕಾನೂನು ಸ್ಪಷ್ಟವಾಗುತ್ತದೆ. ಕಿವಿ ಕೊಡಬಹುದು, ಮೈ ಕೊಡಬಾರದು. ಕಿವಿಯಲ್ಲೇ ನಿಲ್ಲಿಸಿದ ರಾಜನಿಗೆ ಶಿವನೇ ಬಂದು ರಾಜ್ಯ ವಾಪಸು ಕೊಟ್ಟ. ಕಿವಿ ದಾಟಿ ಹೋದ ರಾಣಿಗೆ ಕುಷ್ಠ, ನರಕ. ಮಾವುತನ ಮೈಯನ್ನು ಅಂಕುಡೊಂಕಾಗಿ, ಅಸಹ್ಯವಾಗಿ ಬಣ್ಣಿಸಲು ಜನ್ನ ಬಳಸಿದ ಪ್ರತಿಭೆಯ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಈಚೆಗೆ ಬರಗೂರು ರಾಮಚಂದ್ರಪ್ಪನವರು ಈ ಕಥೆಯನ್ನು ಹರಿಪ್ರಿಯಾ, ಕಿಶೋರ್ ಅಭಿನಯದಲ್ಲಿ ಸಿನಿಮಾ ಮಾಡಿದಾಗ ಹೆಸರನ್ನು ‘ಅಮೃತಮತಿ’ ಎಂದು ಬದಲಿಸಿದರು. ರಾಜನ ಹೆಸರಿನಿಂದ ರಾಣಿಯ ಹೆಸರಿಗೆ ಬರಲು ಕನ್ನಡಕ್ಕೆ ಎಂಟುನೂರು ವರ್ಷ ಬೇಕಾಯಿತು. ಮಾವುತನ ಹೆಸರಿನ ಸಿನಿಮಾಕ್ಕೆ ಇನ್ನೆಷ್ಟು ವರ್ಷವೋ.

ಮತ್ತೆ ‘ಸತ್ಯ ಹರಿಶ್ಚಂದ್ರ’. ಈ ಚಿತ್ರವನ್ನು ದಲಿತರು ಪ್ರೀತಿಸಿದ್ದಕ್ಕೆ ಮುಖ್ಯ ಕಾರಣ ವೀರಬಾಹು, ಅವನ ಆ ಹಾಡು. ಮೈಸೂರಿನ ಪೈಲ್ವಾನ್ ಮೈಯ ಎಂ.ಪಿ. ಶಂಕರ್ ಎದೆ ಉಬ್ಬಿಸಿ ಕುಣಿಯುತ್ತ, ಕುಲದಲ್ಲಿ ಮೇಲು ಯಾವುದು ಕೀಳು ಯಾವುದು ಎಂದು ಕೇಳುವ ಹಾಡು. ಘಂಟಸಾಲ ಅವರ ಕಂಠ. ಅಂಬೇಡ್ಕರ್ ಜಯಂತಿಯ ದಿನ ಕೇರಿಯ ಮೈಕ್‌ಸೆಟ್ಟಿನಲ್ಲಿ ಇದನ್ನು ಎಷ್ಟು ಸಲ ಹಾಕಿದ್ದಾರೋ ಲೆಕ್ಕವಿಲ್ಲ. ಹಾಡು ಬರೆದು ತೆರೆಗೆ ತಂದವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. 1965ರಲ್ಲಿ ಒಬ್ಬ ಹೊಲೆಯ ತೆರೆಯ ತುಂಬ ನಿಂತು ಪ್ರಶ್ನೆ ಕೇಳಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಹಾಡು ಎಲ್ಲಿ ಬರುತ್ತದೆ? ಸುಡುಗಾಡಿನಲ್ಲಿ. ಮದುವೆಯ ಪ್ರಸ್ತಾಪ ಬಂದ ಹೊತ್ತಿನಲ್ಲಿ ಈ ಹಾಡು ಯಾಕೆ ಬರಲಿಲ್ಲ? ಹೆಣದ ಮುಂದೆ ಎಲ್ಲರೂ ಒಂದೇ ಎಂದು ಹಾಡಲು ಯಾವ ಪುರೋಹಿತನ ಅಭ್ಯಂತರವೂ ಇಲ್ಲ. ಸ್ಮಶಾನ ವೈರಾಗ್ಯದ ಸಮಾನತೆ ಅದು. ಧಾರೆ ಎರೆಯುವ ಜಾಗದಲ್ಲಿ ಹಾಡಿದರೆ ಮಾತ್ರ ಅದಕ್ಕೆ ಹಲ್ಲು ಬರುತ್ತದೆ.

ವೀರಬಾಹು ರಾಜನನ್ನೇ ಕೊಳ್ಳುವಷ್ಟು ಚಿನ್ನ ಇರುವವನು. ನಮ್ಮ ಹಳೆಯ ಕಾವ್ಯಗಳಲ್ಲಿ ಇಷ್ಟು ಸಿರಿವಂತ ಹೊಲೆಯ ನನಗೆ ಇನ್ನೊಬ್ಬ ಸಿಕ್ಕಿಲ್ಲ. ಸುಡುಗಾಡಿನ ತೆರಿಗೆ ಅವನದು, ಹೆಣದ ಬಟ್ಟೆ ಅವನದು. ನಮ್ಮ ಊರುಗಳಲ್ಲಿ ಗುಂಡಿ ತೋಡಿದವರಿಗೆ, ತಮಟೆ ಬಡಿದವರಿಗೆ ಸಿಗುತ್ತಿದ್ದದ್ದು ಒಂದು ಮೊರ ರಾಗಿ, ಇಲ್ಲವೇ ಅರ್ಧ ಬಾಟ್ಲಿ. ಹಾಗಾದರೆ ಈ ವೀರಬಾಹು ಯಾರು? ಮಾರ್ಕಂಡೇಯ ಪುರಾಣ ಗುಟ್ಟು ಬಿಟ್ಟುಕೊಡುತ್ತದೆ. ಹರಿಶ್ಚಂದ್ರನನ್ನು ಕೊಂಡ ಚಂಡಾಲ ಚಂಡಾಲನೇ ಅಲ್ಲ, ವೇಷ ಹಾಕಿ ಬಂದ ಧರ್ಮದೇವತೆ. ಆ ಕಡೆ ಹೊಲತಿಯರು ಮುನಿಯ ಸೃಷ್ಟಿ, ಈ ಕಡೆ ಹೊಲೆಯ ದೇವರ ವೇಷ. ಇಡೀ ಕಥೆಯಲ್ಲಿ ತಾಯಿ ಹೊಟ್ಟೆಯಿಂದ ಹುಟ್ಟಿದ ಒಬ್ಬ ಅಸ್ಪೃಶ್ಯನೂ ಇಲ್ಲ! ರಾಜ ಮುಟ್ಟಿದ್ದು, ದುಡಿದದ್ದು, ತಲೆಬಾಗಿದ್ದು ಎಲ್ಲ ದೇವರಿಗೇ. ಪುರಾಣ ತನ್ನ ನಾಯಕನ ಮಡಿಯನ್ನು ಎಷ್ಟು ಜೋಪಾನವಾಗಿ ಕಾಪಾಡಿದೆ ನೋಡಿ.

ತೆರೆಯ ಮೇಲೆ ಇದಕ್ಕೆ ಇನ್ನೊಂದು ಮಗ್ಗುಲು ಇದೆ. ಕಿರೀಟ ಇಟ್ಟ ದೇಹ ಯಾರದು? ದೊಡ್ಡ ಗಾಜನೂರಿನ ಈಡಿಗರ ಮನೆಯ ಮುತ್ತುರಾಜನದು. ಕಂಪನಿ ನಾಟಕದ ಪುಟ್ಟಸ್ವಾಮಯ್ಯನವರ ಮಗ, ಶಾಲೆಗೆ ಸರಿಯಾಗಿ ಹೋಗದವರು. ಹೆಂಡ ಇಳಿಸುವ ಕುಲದಿಂದ ಬಂದ ನಟ ಸೂರ್ಯವಂಶದ ರಾಜನಾಗಿ ನಾಡಿನ ಮನಸ್ಸಿನಲ್ಲಿ ಕೂತದ್ದು ಒಂದು ಸಾಂಸ್ಕೃತಿಕ ಕ್ರಾಂತಿಯೇ. ಶೂದ್ರ ಸಮುದಾಯಗಳು ಅವರಲ್ಲಿ ತಮ್ಮನ್ನು ಕಂಡುಕೊಂಡವು, ದಲಿತರೂ ಕಂಡುಕೊಂಡರು. ಆದರೆ ಪಾತ್ರದ ಮಾತು ಮಾತ್ರ ಹಳೆಯದೇ. ಕಿರೀಟ ತಲೆ ಬದಲಿಸಿತು, ನಾಲಗೆ ಬದಲಿಸಲಿಲ್ಲ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಮದ್ದೂರು ಕಡೆಯ ಒಂದು ಕೇರಿಯ ಹುಡುಗರು ಹಬ್ಬಕ್ಕೆ ‘ಸತ್ಯ ಹರಿಶ್ಚಂದ್ರ’ ಕಟ್ಟಿದರು. ಸೀನರಿ, ಡ್ರೆಸ್ಸು ಎಲ್ಲ ಬಾಡಿಗೆಗೆ ಬಂತು. ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಹುಡುಗ ಹರಿಶ್ಚಂದ್ರ. ಒಳ್ಳೆ ಕಂಠ. ಮಾತಂಗಿಯರು ಬಂದು ಮದುವೆ ಕೇಳಿದ ದೃಶ್ಯದಲ್ಲಿ ಅವನು ಗದೆ ತಿರುವಿ, ನೀಚ ಕುಲದ ಹೆಣ್ಣುಗಳನ್ನು ಸೂರ್ಯವಂಶದವನು ಕಣ್ಣೆತ್ತಿಯೂ ನೋಡಲಾರ ಎಂಬ ಅರ್ಥದ ಮಾತನ್ನು ಗಟ್ಟಿಯಾಗಿ ಹೇಳಿದ. ಕೇರಿ ಚಪ್ಪಾಳೆ ಹೊಡೆಯಿತು. ಆ ಹುಡುಗ ಬೈದದ್ದು ಯಾರನ್ನು? ವೇದಿಕೆಯ ಮುಂದೆ ಚಾಪೆ ಹಾಸಿಕೊಂಡು ಕೂತ ತನ್ನ ಅಕ್ಕತಂಗಿಯರನ್ನು. ಯಜಮಾನಿಕೆ ಎಂಬುದು ಕೆಲಸ ಮಾಡುವ ರೀತಿಯೇ ಹೀಗೆ. ಅದು ನಮ್ಮ ಬಾಯಿಂದಲೇ ನಮ್ಮನ್ನು ಬೈಸುತ್ತದೆ, ಆಮೇಲೆ ನಮ್ಮ ಕೈಯಿಂದಲೇ ಚಪ್ಪಾಳೆ ಹೊಡೆಸುತ್ತದೆ.

ಆದರೆ ಅಲ್ಲೇ, ನನ್ನ ಪಕ್ಕ ಎಲೆಅಡಿಕೆ ಕುಟ್ಟುತ್ತಿದ್ದ ಒಬ್ಬ ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದರು: ‘ಅಲ್ಲ ಕಣ್ಲಾ, ಆ ಎರಡು ಹೆಣ್ಣ ಕಟ್ಕಂಡಿದ್ರೆ ಏನಾಗೋದ್ಲಾ ಅವ್ನಿಗೆ? ರಾಜ್ಯನೂ ಉಳಿಯೋದು, ಹೆಂಡ್ರು ಮಕ್ಳೂ ಉಳಿಯೋರು. ನಮ್ಮೋರ್ನ ಕಟ್ಕಳಕಾಗ್ದೆ ಸುಡುಗಾಡ್ ಕಾಯಕೆ ಹೋದ.’

ನಾನು ಓದಿದ ಯಾವ ವಿಮರ್ಶಕನೂ ಇಷ್ಟು ನೇರವಾಗಿ ಇದನ್ನು ಹೇಳಿಲ್ಲ. ದಲಿತ ವಿಮರ್ಶೆಗೆ ಪರಿಭಾಷೆ ಎಲ್ಲಿಂದ ತರಬೇಕು ಎಂದು ಗೋಷ್ಠಿಗಳಲ್ಲಿ ಚರ್ಚೆ ನಡೆಯುತ್ತದಲ್ಲ, ಇಂಥ ಚಾಪೆಗಳ ಮೇಲಿಂದ ತರಬಹುದು. ಹರಿಶ್ಚಂದ್ರನ ಸತ್ಯವನ್ನು ಅಜ್ಜಿ ತಿರಸ್ಕರಿಸಲಿಲ್ಲ. ಅದರ ಖರ್ಚು ಯಾರ ಲೆಕ್ಕಕ್ಕೆ ಬಿತ್ತು ಎಂದು ಕೇಳಿದರು, ಅಷ್ಟೇ. ಆಗದೆ ಹೋದ ಮದುವೆಯ ದಂಡವನ್ನು ಆದ ಮದುವೆಯ ಹೆಂಡತಿ ಕಟ್ಟಿದಳು. ಜಾತಿ ಕೆಳಗಿನವರನ್ನು ತುಳಿಯುತ್ತದೆ ಎಂಬುದು ನಮಗೆ ಗೊತ್ತು. ಅದು ತನ್ನ ಮನೆಯೊಳಗಿನ ಹೆಣ್ಣನ್ನೂ ಮಾರಿಬಿಡುತ್ತದೆ ಎಂಬುದನ್ನು ಈ ಕಥೆ ತನಗೆ ಅರಿವಿಲ್ಲದೆಯೇ ತೋರಿಸಿಬಿಟ್ಟಿದೆ. 2011ರಲ್ಲಿ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ, ದಲಿತ ಹುಡುಗನನ್ನು ಪ್ರೀತಿಸಿದ ಹುಡುಗಿಯೊಬ್ಬಳನ್ನು ಮನೆಯವರೇ ಕೊಂದರೆಂಬ ಪ್ರಕರಣ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಸತ್ತವಳು ಮೇಲ್ಜಾತಿಯ ಮಗಳು. ಸಿನಿಮಾದಲ್ಲಿ ಎತ್ತಿದ ಕತ್ತಿ ಹೂಮಾಲೆಯಾಗುತ್ತದೆ, ಶಿವ ಬರುತ್ತಾನೆ. ಆಬಲವಾಡಿಗೆ ಯಾರೂ ಬರಲಿಲ್ಲ.

2024ರ ನವೆಂಬರಿನಲ್ಲಿ ನಮ್ಮ ಹನಕೆರೆಯ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಪೊಲೀಸ್ ಬಂದೋಬಸ್ತಿನಲ್ಲಿ ಮೊದಲ ಸಲ ಒಳಗೆ ಹೋದರು. ಅದಕ್ಕೆ ಸಿಟ್ಟಾದ ಕೆಲವರು ಉತ್ಸವಮೂರ್ತಿಯನ್ನು ಅಲ್ಲಿಂದ ಬೇರೆ ಕಡೆಗೆ ಒಯ್ದರು. ಗುಡಿ ಬೇಕಾದರೆ ಅವರಿಗಿರಲಿ, ದೇವರು ನಮ್ಮವನು ಎಂಬ ಅರ್ಥದ ಮಾತುಗಳು ಸುದ್ದಿಯಲ್ಲಿ ಬಂದವು. ಅದನ್ನು ಓದಿದಾಗ ನನಗೆ ರಾಘವಾಂಕನ ರಾಜ ನೆನಪಾದ. ರಾಜ್ಯ ಬೇಕಾದರೆ ತಗೋ, ಕೈ ಮಾತ್ರ ಹಿಡಿಯಲಾರೆ. ಎಂಟು ಶತಮಾನದ ಅಂತರದಲ್ಲಿ ಒಂದೇ ವಾಕ್ಯ. ಗುಡಿಯ ಗಂಟೆಯ ಸದ್ದು ಕೇರಿಯ ಕಿವಿಗೆ ಎಂದಿನಿಂದಲೂ ಬೀಳುತ್ತಿತ್ತು, ಗೋಪುರ ಕಣ್ಣಿಗೆ ಕಾಣುತ್ತಿತ್ತು, ಧೂಪದ ಘಮ ಮೂಗಿಗೆ ಬರುತ್ತಿತ್ತು, ಪ್ರಸಾದವೂ ಎಸೆದ ಹಾಗೆ ಕೈಗೆ ಬಿದ್ದು ನಾಲಗೆಗೆ ಸೇರುತ್ತಿತ್ತು. ನಾಲ್ಕು ಇಂದ್ರಿಯಗಳಿಗೆ ಒಪ್ಪಿಗೆ ಇತ್ತು. ಐದನೆಯದು ಬಂದಾಗ ದೇವರೇ ಎದ್ದು ಹೋಗಬೇಕಾಯಿತು.

ಆ ಕೇರಿಯ ನಾಟಕದ ಹುಡುಗರು ಮತ್ತೆ ‘ಹರಿಶ್ಚಂದ್ರ’ ಆಡಬೇಕು ಅನ್ನುತ್ತಿದ್ದಾರೆ. ಈ ಸಲ ರಾಘವಾಂಕನ ವಾದವನ್ನು ಆಡುಮಾತಿಗೆ ತಂದು ಆ ದೃಶ್ಯವನ್ನು ಬೆಳೆಸೋಣ ಎಂದು ನಾನು ಬರೆದುಕೊಟ್ಟಿದ್ದೇನೆ. ಹಾರ್ಮೋನಿಯಂ ಮೇಷ್ಟ್ರು ಒಪ್ಪುತ್ತಿಲ್ಲ. ಅರ್ಧ ಗಂಟೆ ಜಾಸ್ತಿಯಾಗುತ್ತೆ, ಬೆಳಗಿನ ಜಾವಕ್ಕೆ ಸುಡುಗಾಡಿನ ಸೀನು ಸಿಗೋದಿಲ್ಲ, ಜನ ಎದ್ದು ಹೋಗ್ತಾರೆ ಅನ್ನುವುದು ಅವರ ತಕರಾರು. ಹುಡುಗರ ಜಗಳ ಬೇರೆ. ಕರಪತ್ರದಲ್ಲಿ ಪಾತ್ರವರ್ಗ ಅಚ್ಚು ಹಾಕಿಸಬೇಕು, ನಕ್ಷತ್ರಿಕನಿಗೂ ಹೆಸರಿದೆ, ಈ ಇಬ್ಬರಿಗೆ ಹೆಸರಿಲ್ಲ. ಕಾವ್ಯದಲ್ಲಿ ಅವರು ಬರೀ ಅನಾಮಿಕೆಯರು. ಏನು ಹೆಸರಿಡೋದು ಎಂದು ಕೇರಿಯ ಹೆಣ್ಣುಮಕ್ಕಳನ್ನು ಕೇಳಲು ಹೋದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಅಜ್ಜಿಯ ಹೆಸರು ಹೇಳುತ್ತಿದ್ದಾರಂತೆ, ಇನ್ನೂ ತೀರ್ಮಾನವಾಗಿಲ್ಲ.